ಬಾನಿಗೆ ನಕ್ಷೆಯಿದೆ, ನೆಲಕ್ಕಿಲ್ಲ
(ಉಪನ್ಯಾಸದ ಬರಹ ರೂಪ)



ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಅಲ್ಲಿನ ಆಕಾಶಕ್ಕೂ ಒಂದು ಅಳತೆ ಬಂದಿತು. ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು 2015ರಲ್ಲಿ ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳು ವಿಮಾನ ನಿಲ್ದಾಣಗಳ ಸುತ್ತಲಿನ ಪ್ರದೇಶಕ್ಕೆ ಅನ್ವಯವಾಗುತ್ತವೆ. ಮಹಡಿ ಮನೆಯಾಗಲಿ, ನೀರಿನ ಟ್ಯಾಂಕ್ ಆಗಲಿ, ಮೊಬೈಲ್ ಟವರ್ ಆಗಲಿ, ಎಲ್ಲಿ ಎಷ್ಟು ಎತ್ತರಕ್ಕೆ ಏರಬಹುದು ಎಂಬುದನ್ನು ಬಣ್ಣಬಣ್ಣದ ವಲಯಗಳಾಗಿ ವಿಂಗಡಿಸಿದ ನಕ್ಷೆಯನ್ನು ನೋಡಿ ಸ್ಥಳೀಯ ಸಂಸ್ಥೆ ತೀರ್ಮಾನಿಸಬೇಕೆಂಬುದು ಆ ನಿಯಮಗಳ ಆಶಯ. ಬಾನಿನಲ್ಲಿ ಹಾರುವ ವಿಮಾನಕ್ಕೆ ತೊಂದರೆಯಾಗಬಾರದೆಂಬ ಎಚ್ಚರಿಕೆ ಇದರ ಹಿಂದಿದೆ. ಅದು ಇರಬೇಕಾದ ಎಚ್ಚರಿಕೆಯೇ.

ಆದರೆ ಅದೇ ಟವರ್‌ನ ಬುಡದಲ್ಲಿರುವ ನೆಲದ ಮಾತೇನು? ಆ ಟವರ್‌ಗೆ ಬಂದು ಸೇರುವ ಕೇಬಲ್ ಯಾವ ಕೆರೆಯ ಏರಿಯನ್ನು ಸೀಳಿ ಬಂದಿದೆ, ಯಾವ ರಾಜಕಾಲುವೆಯನ್ನು ದಾಟಿದೆ, ಯಾವ ರೈತನ ಬದುವಿನಡಿ ಹಾದಿದೆ ಎಂಬುದನ್ನು ತೋರಿಸುವ ನಕ್ಷೆ ಗ್ರಾಮ ಪಂಚಾಯಿತಿಯ ಕಪಾಟಿನಲ್ಲಿ ದೊರೆಯುವುದು ಅಪರೂಪ. ವಿಮಾನಕ್ಕೆ ಅಡ್ಡಿಯಾಗುವ ಎತ್ತರವನ್ನು ಮೊದಲೇ ಗುರುತಿಸಿಡುವ ವ್ಯವಸ್ಥೆಯು ನೀರಿಗೆ ಅಡ್ಡಿಯಾಗುವ ಆಳವನ್ನು ಗುರುತಿಸುವುದಿಲ್ಲ. ದೂರಸಂಪರ್ಕದ ಟವರ್ ಮತ್ತು ಕೇಬಲ್‌ಗಳ ಯೋಜನೆ, ನಿಯಂತ್ರಣ ಮತ್ತು ಮಾನದಂಡಗಳ ಕುರಿತು ಹಳ್ಳಿಗರು ಚಿಂತಿಸಬೇಕಾದ ಮುಖ್ಯ ವಿಷಯ ಇದು.

ಬೆಂಗಳೂರು ಗ್ರಾಮಾಂತರವನ್ನು ಉದಾಹರಣೆಯಾಗಿ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕೇ ತಾಲೂಕುಗಳ ಈ ಜಿಲ್ಲೆ ರಾಜಧಾನಿಯನ್ನು ಉತ್ತರದಲ್ಲಿ ಕಮಾನಿನಂತೆ ಸುತ್ತುವರಿದಿದೆ. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂಬ ಹೆಸರಿಡಲು ಒಪ್ಪಿಗೆ ನೀಡಿತು. ಹೈದರಾಬಾದಿನ ಹೆದ್ದಾರಿ ದೇವನಹಳ್ಳಿಯ ಮೂಲಕ, ಕೋಲಾರ ಮತ್ತು ಚೆನ್ನೈ ಕಡೆಯ ಹೆದ್ದಾರಿ ಹೊಸಕೋಟೆಯ ಮೂಲಕ ಹಾದುಹೋಗುತ್ತವೆ. ನೆಲಮಂಗಲದಲ್ಲಿ ತುಮಕೂರಿನ ದಾರಿ ಮತ್ತು ಮಂಗಳೂರಿನ ದಾರಿ ಕವಲೊಡೆಯುತ್ತವೆ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಬಳಸಿ ಹೊಸಕೋಟೆಗೆ ಹೊರವರ್ತುಲ ಹೆದ್ದಾರಿಯೂ ಬಂದಿದೆ. ರಸ್ತೆ ಹೋದೆಡೆ ಕೇಬಲ್ ಹೋಗುತ್ತದೆ. ಕೇಬಲ್ ಹೋದೆಡೆ ಟವರ್ ಏಳುತ್ತದೆ. ನೆಲಮಂಗಲದಲ್ಲಿ ಕವಲೊಡೆದ ಅದೇ ಮಂಗಳೂರು ಹೆದ್ದಾರಿ ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಾಟಿಯನ್ನು ಇಳಿಯುತ್ತದೆ. ಬಯಲಿನಲ್ಲಿ ಮೊದಲು ಕಾಣುವ ಪ್ರಶ್ನೆ ಬೆಟ್ಟಕ್ಕೆ ಆಮೇಲೆ ಬರುತ್ತದೆ. ಬಯಲಿನ ಅನುಭವವನ್ನು ಬೆಟ್ಟದವರು ಮೊದಲೇ ತಿಳಿದುಕೊಂಡರೆ ತಯಾರಾಗಲು ಸಮಯ ಸಿಗುತ್ತದೆ.

ಇದೇ ಜಿಲ್ಲೆಯ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ ರೈತರು ಭೂಸ್ವಾಧೀನದ ವಿರುದ್ಧ ಮೂರು ವರ್ಷಗಳಿಗೂ ಮಿಕ್ಕಿ ಧರಣಿ ನಡೆಸಿದರು. 2025ರ ಜುಲೈ 15ರಂದು ರಾಜ್ಯ ಸರ್ಕಾರವು 1,777 ಎಕರೆಯ ಸ್ವಾಧೀನ ಪ್ರಕ್ರಿಯೆಯನ್ನು ಕೈಬಿಡುವುದಾಗಿ ಘೋಷಿಸಿತು. ಅಲ್ಲಿ ಭೂಮಿ ಕೈತಪ್ಪುವ ಭಯವಿತ್ತು, ಅಧಿಸೂಚನೆಯಿತ್ತು, ಸರ್ವೆ ನಂಬರುಗಳ ಪಟ್ಟಿಯಿತ್ತು. ಆದ್ದರಿಂದ ಜನ ಒಗ್ಗೂಡಿದರು. ದೂರಸಂಪರ್ಕದ ಕೇಬಲ್ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದಿಲ್ಲ. ಪಹಣಿಯಲ್ಲಿ ಹೆಸರು ಬದಲಾಗುವುದಿಲ್ಲ. ಒಂದು ಮೊಳ ಅಗಲದ ಅಗೆತ ಒಂದು ರಾತ್ರಿಯಲ್ಲಿ ಮುಗಿದು, ಮರುದಿನ ಮಣ್ಣು ಮುಚ್ಚಿರುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಧರಣಿ ಹೂಡುವವರಿಲ್ಲ. ಆದರೆ ಕಾಣದಿರುವುದರಿಂದಲೇ ಅದಕ್ಕೆ ಮುಂಚಿತವಾದ ಯೋಜನೆ ಹೆಚ್ಚು ಅಗತ್ಯ.

ಕಾನೂನಿನ ಹಾದಿಯನ್ನು ಸ್ವಲ್ಪ ಅವಲೋಕಿಸೋಣ. 1885ರ ಭಾರತೀಯ ತಂತಿ ಕಾಯ್ದೆ ಕಂಬ ಮತ್ತು ತಂತಿಯ ಕಾಲದ್ದು. ಯಾವುದೇ ಸ್ಥಿರಾಸ್ತಿಯ ಮೇಲೆ, ಕೆಳಗೆ ಅಥವಾ ಅಡ್ಡಲಾಗಿ ತಂತಿ ಎಳೆಯುವ ಅಧಿಕಾರವನ್ನು ಅದು ತಂತಿ ಪ್ರಾಧಿಕಾರಕ್ಕೆ ಕೊಟ್ಟಿತ್ತು. ಜೊತೆಗೆ ಎರಡು ಮಿತಿಗಳನ್ನೂ ಹೇಳಿತ್ತು: ಆಸ್ತಿಯ ಮೇಲೆ ಬಳಕೆಯ ಹಕ್ಕು ಮಾತ್ರ ಹುಟ್ಟುತ್ತದೆ, ಒಡೆತನ ಹುಟ್ಟುವುದಿಲ್ಲ, ಕೆಲಸದಿಂದ ಹಾನಿಯಾದರೆ ಪರಿಹಾರ ಕೊಡಬೇಕು. ದಾರಿಯ ಹಕ್ಕು ಎಂದು ಕರೆಯುವ ಪರಿಕಲ್ಪನೆ ಇದೇ. 2016ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಬಹುದಾದ ಆಡಳಿತ ಶುಲ್ಕಕ್ಕೆ ಆ ನಿಯಮಗಳು ಮಿತಿ ಹಾಕಿದವು: ಕೇಬಲ್‌ಗೆ ಕಿಲೋಮೀಟರಿಗೆ 1,000 ರೂಪಾಯಿ, ಟವರ್‌ಗೆ 10,000 ರೂಪಾಯಿ. ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಹೊಣೆಗಾಗಿ ಬ್ಯಾಂಕ್ ಖಾತರಿಯ ವ್ಯವಸ್ಥೆಯೂ ಅದರಲ್ಲಿತ್ತು. 2022ರ ತಿದ್ದುಪಡಿಯು ಖಾಸಗಿ ಜಾಗದಲ್ಲಿ ಟವರ್ ನಿಲ್ಲಿಸುವುದಕ್ಕೆ ಪ್ರಾಧಿಕಾರದ ಅನುಮತಿಯ ಬದಲು ಮುಂಚಿತ ಮಾಹಿತಿ ಮತ್ತು ಎಂಜಿನಿಯರ್ ದೃಢೀಕರಿಸಿದ ಕಟ್ಟಡ ಸುರಕ್ಷತಾ ಪತ್ರ ಸಾಕೆಂದಿತು.

2023ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಅದರ ದಾರಿಯ ಹಕ್ಕಿನ ಭಾಗವು 2024ರ ಜೂನ್ 26ರಿಂದ ಜಾರಿಗೆ ಬಂದಿತು; ಅದಕ್ಕೆ ಹೊಂದಿದ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಸ್ಥಳೀಯ ಸಂಸ್ಥೆಯೂ ಈ ಕಾಯ್ದೆಯ ಪ್ರಕಾರ ಒಂದು ಸಾರ್ವಜನಿಕ ಸಂಸ್ಥೆ. ಗ್ರಾಮ ಪಂಚಾಯಿತಿಯ ವಶದಲ್ಲಿರುವ ರಸ್ತೆ ಅಥವಾ ಜಾಗದ ಮೂಲಕ ಕೇಬಲ್ ಹಾಯಿಸಬೇಕಾದರೆ ಕಂಪನಿ ಅರ್ಜಿ ಸಲ್ಲಿಸಬೇಕು. ಅರ್ಜಿಯನ್ನು ತಿರಸ್ಕರಿಸುವುದಿದ್ದರೆ ಅರ್ಜಿದಾರರ ಅಹವಾಲನ್ನು ಆಲಿಸಿ, ಕಾರಣಗಳನ್ನು ಬರಹದಲ್ಲಿ ದಾಖಲಿಸಬೇಕು. 67 ದಿನಗಳೊಳಗೆ ಯಾವ ಉತ್ತರವೂ ಹೋಗದಿದ್ದರೆ ಅನುಮತಿ ದೊರೆತಂತೆಯೇ ಲೆಕ್ಕ.

ಈ 67 ಎಂಬ ಸಂಖ್ಯೆಯನ್ನು ಇನ್ನೊಂದು ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು. ಅಂದರೆ ವರ್ಷಕ್ಕೆ ಎರಡು ಗ್ರಾಮಸಭೆ ನಡೆಸಿದ ಪಂಚಾಯಿತಿಯೂ ಕಾನೂನಿಗೆ ತಪ್ಪಿ ನಡೆದಂತಾಗುವುದಿಲ್ಲ. ಅರ್ಜಿ ಬಂದು, ಗಡುವು ಮುಗಿದು, ಕೇಬಲ್ ನೆಲದೊಳಗೆ ಮಲಗಿದ ಮೇಲೆ ಗ್ರಾಮಸಭೆ ಸೇರುವ ಸಾಧ್ಯತೆ ಕಾನೂನಿನೊಳಗೇ ಇದೆ. ಮೌನವೇ ಸಮ್ಮತಿ ಎಂಬ ಗಾದೆಯಂಥ ಮಾತು ಇಲ್ಲಿ ನಿಯಮವಾಗಿದೆ. ಇದನ್ನು ಹೇಳುವುದು ಕಂಪನಿಗಳನ್ನು ದೂರುವುದಕ್ಕಲ್ಲ. ವರ್ಷಗಟ್ಟಲೆ ಕಡತ ಹಿಡಿದಿಟ್ಟುಕೊಳ್ಳುವ ಕಚೇರಿಗಳಿದ್ದುದರಿಂದಲೇ ಇಂಥ ಗಡುವು ಬಂದಿದೆ. ಪ್ರಶ್ನೆಯಿರುವುದು ಹಳ್ಳಿಯ ಕಡೆಯಿಂದ: 67 ದಿನಗಳಲ್ಲಿ ಹೇಳಬೇಕಾದ ಮಾತು ಹಳ್ಳಿಯ ಬಳಿ ಮೊದಲೇ ಸಿದ್ಧವಿದೆಯೇ?

ಆ ಮಾತು ಏನಿರಬೇಕೆಂಬುದನ್ನು ಮಣ್ಣಿನಿಂದಲೇ ಆರಂಭಿಸಬಹುದು. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ 2011ರಲ್ಲಿ ಮಂಜೂರಾತಿ ದೊರೆಯಿತು. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಇಂಥ ಕೇಬಲ್‌ಗೆ ಸಾಮಾನ್ಯ ಮಣ್ಣಿನಲ್ಲಿ 1.65 ಮೀಟರ್ ಆಳ ಇರಬೇಕೆಂಬುದು ಬಿಎಸ್‌ಎನ್‌ಎಲ್ ಪಾಲಿಸುತ್ತ ಬಂದ ಮಾನದಂಡ. ಬಂಡೆ ಸಿಕ್ಕಿದಲ್ಲಿ ಆಳ ಕಡಿಮೆ ಮಾಡಿ, ಅದಕ್ಕೆ ಬದಲಾಗಿ ಕಬ್ಬಿಣದ ಕೊಳವೆ ಅಥವಾ ಕಾಂಕ್ರೀಟಿನ ರಕ್ಷಣೆ ಕೊಡಬೇಕು. 1.65 ಮೀಟರ್ ಎಂದರೆ ಆಳೆತ್ತರಕ್ಕೆ ಸಮೀಪದ ಆಳ. ಬೆಂಗಳೂರು ಗ್ರಾಮಾಂತರದ ಕೆಂಪು ಮಣ್ಣಿನಲ್ಲಿ ಬೆಳೆಗೆ ಜೀವ ಕೊಡುವ ಸಾವಯವ ಅಂಶ ಮೇಲಿನ ಒಂದು ಗೇಣಿನಲ್ಲಿ ಹೆಚ್ಚಾಗಿರುತ್ತದೆ. ಅದರ ಕೆಳಗೆ ಗಟ್ಟಿಯಾದ, ಸತ್ವ ಕಡಿಮೆಯಾದ ಮಣ್ಣು ಮತ್ತು ಮೊರಂಬು. ಜೆಸಿಬಿ ಯಂತ್ರ ಇವೆರಡನ್ನೂ ಒಂದೇ ಗುಡ್ಡೆಯಾಗಿ ಹಾಕಿ, ಮತ್ತೆ ಒಟ್ಟಿಗೇ ತಳ್ಳಿದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುತ್ತದೆ. ರಾಗಿಯ ಹೊಲದಲ್ಲಾಗಲಿ, ಹಿಪ್ಪುನೇರಳೆಯ ತೋಟದಲ್ಲಾಗಲಿ, ದ್ರಾಕ್ಷಿಯ ಚಪ್ಪರದ ಸಾಲಿನಲ್ಲಾಗಲಿ ಆ ಪಟ್ಟಿಯಲ್ಲಿ ಬೆಳೆ ಸೊರಗಿ ನಿಲ್ಲಬಹುದು. ಪರಿಹಾರ ಕಷ್ಟದ್ದೇನಲ್ಲ. ಮೇಲ್ಮಣ್ಣನ್ನು ಒಂದು ಬದಿಗೆ, ಕೆಳಮಣ್ಣನ್ನು ಇನ್ನೊಂದು ಬದಿಗೆ ಹಾಕಿಸಿ, ಅದೇ ಕ್ರಮದಲ್ಲಿ ಮುಚ್ಚಿಸಬೇಕು. ಇದೊಂದು ಷರತ್ತನ್ನು ಒಪ್ಪಿಗೆಪತ್ರದಲ್ಲಿ ಬರೆಯಿಸಿದರೆ ಸಾಕು. ಬರೆಯಿಸದಿದ್ದರೆ ಗುತ್ತಿಗೆದಾರನಿಗೆ ಅದನ್ನು ಮಾಡುವ ಕಾರಣವಿಲ್ಲ.

ಹೊಲಕ್ಕಿಂತ ದೊಡ್ಡ ಚಿಂತೆ ಕೆರೆಯದು. ಈ ಜಿಲ್ಲೆಯಲ್ಲಿ ಬೇಸಿಗೆಯಲ್ಲಿಯೂ ತುಂಬಿ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೂ ದಕ್ಷಿಣ ಪಿನಾಕಿನಿ ಹೊಸಕೋಟೆಯ ಕಡೆಗೂ ಕೆರೆಯಿಂದ ಕೆರೆಗೆ ಇಳಿಯುತ್ತ ಸಾಗಿದ ನದಿಗಳು. ಹೀಗಾಗಿ ಇಲ್ಲಿನ ಬೇಸಾಯ ಏರಿ, ತೂಬು, ಕೋಡಿ, ರಾಜಕಾಲುವೆಗಳ ಬೇಸಾಯ. ಹಳ್ಳಿಯಿಂದ ಹಳ್ಳಿಗೆ ಹೋಗುವ ಎಷ್ಟೋ ರಸ್ತೆಗಳು ಕೆರೆಯ ಏರಿಯ ಮೇಲೆಯೇ ಹಾದುಹೋಗುತ್ತವೆ. ರಸ್ತೆಯ ಬದಿಯನ್ನೇ ಹಿಡಿದು ಸಾಗುವ ಕೇಬಲ್ ಅಲ್ಲಿ ಏರಿಯನ್ನು ಉದ್ದಕ್ಕೂ ಸೀಳುತ್ತದೆ.

ಏರಿ ಎಂದರೆ ರಾಶಿ ಹಾಕಿದ ಮಣ್ಣು ಮಾತ್ರವಲ್ಲ. ಪದರ ಪದರವಾಗಿ ತುಳಿದು, ಗಟ್ಟಿಮಾಡಿ, ನೀರಿನ ಒತ್ತಡವನ್ನು ತಡೆಯುವಂತೆ ಕಟ್ಟಿದ ರಚನೆ ಅದು. ಅದರ ಮೈಯಲ್ಲಿ ಸಡಿಲವಾಗಿ ತುಂಬಿದ ಒಂದು ಪಟ್ಟಿಯಿದ್ದರೆ ನೀರು ಆ ಸಡಿಲ ಮಣ್ಣನ್ನೇ ದಾರಿಮಾಡಿಕೊಳ್ಳುತ್ತದೆ. ನುಣುಪಾದ ಪ್ಲಾಸ್ಟಿಕ್ ಕೊಳವೆಯ ಹೊರಮೈಯನ್ನು ಅನುಸರಿಸಿ ನೀರು ಸೋರತೊಡಗಿದರೆ ಮಣ್ಣಿನ ಕಣಗಳು ಒಂದೊಂದಾಗಿ ತೊಳೆದುಹೋಗಿ, ಒಳಗೆ ಬಿಲ ಬೀಳುತ್ತದೆ. ಬರಗಾಲದಲ್ಲಿ ಅಗೆದ ಕೇಬಲ್ ಕೆರೆ ತುಂಬಿದ ವರ್ಷ ತನ್ನ ದೋಷವನ್ನು ತೋರಿಸುತ್ತದೆ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯ ಮೂಲಕ ಉತ್ತರದ ಕೆರೆಗಳಿಗೆ ಹರಿಸುತ್ತಿರುವ ಈ ದಿನಗಳಲ್ಲಿ, ದಶಕಗಳ ಕಾಲ ಒಣಗಿ ನಿಂತಿದ್ದ ಏರಿಗಳ ಮೇಲೆ ಮತ್ತೆ ನೀರಿನ ಭಾರ ಬೀಳುತ್ತಿದೆ. ಅಂಥ ಏರಿಯೊಳಗೆ ಏನಿದೆಯೆಂಬುದನ್ನು ಹಳ್ಳಿ ತಿಳಿದಿರಬೇಕಾದುದು ಸುರಕ್ಷತೆಯ ಪ್ರಶ್ನೆ.

ಇಲ್ಲಿ ಪಾಲಿಸಬೇಕಾದ ನಡವಳಿಕೆ ಸರಳವಾದದ್ದು. ಏರಿಯ ಉದ್ದಕ್ಕೂ ಅಗೆತ ಬೇಡ. ಏರಿಯ ಕೆಳಗಿನ ಅಂಚಿನಿಂದ ದೂರದಲ್ಲಿ, ಅಚ್ಚುಕಟ್ಟಿನ ಕಾಲುವೆಗಳಿಗೆ ಅಡ್ಡಿಯಾಗದಂತೆ ಕೇಬಲ್ ಹೋಗಲಿ. ಕೋಡಿಯನ್ನು ದಾಟುವುದಿದ್ದರೆ ಸೇತುವೆಯ ಬದಿಗೆ ಕೊಳವೆ ಕಟ್ಟಲಿ. ರಾಜಕಾಲುವೆಯನ್ನು ದಾಟುವಲ್ಲಿ ತಳಕ್ಕಿಂತ ಸಾಕಷ್ಟು ಆಳದಲ್ಲಿ ಹೋಗಲಿ, ಇಲ್ಲದಿದ್ದರೆ ಹೂಳೆತ್ತುವ ಯಂತ್ರ ಮುಂದೊಂದು ದಿನ ಅದನ್ನು ಕಿತ್ತುಹಾಕುತ್ತದೆ. ಮುಚ್ಚುವಾಗ ಒಂದು ಗೇಣು ದಪ್ಪದ ಪದರಗಳಲ್ಲಿ, ಹದವಾದ ತೇವದಲ್ಲಿ, ದಿಮ್ಮಸು ಹೊಡೆದು ಮುಚ್ಚಲಿ. ಹಿಂದಿನ ನೀರುಗಂಟಿಗಳಿಗೆ ಗೊತ್ತಿದ್ದ ವಿಷಯಗಳೇ ಇವು. ಅರ್ಜಿಯ ಜೊತೆ ಬರುವ ನಕ್ಷೆ ರಸ್ತೆಯನ್ನು ಆಧಾರವಾಗಿ ಹಿಡಿಯುತ್ತದೆ. ತೂಬು ಎಲ್ಲಿದೆ, ಕೋಡಿ ಎಲ್ಲಿದೆ ಎಂಬುದನ್ನು ಹಳ್ಳಿಯವರೇ ಅದರ ಮೇಲೆ ಗುರುತಿಸಿಕೊಡಬೇಕು.

ಕೇಬಲ್‌ನಿಂದ ಟವರ್‌ನ ಕಡೆಗೆ ತಿರುಗೋಣ. ಟವರ್ ಎಂದೊಡನೆ ವಿಕಿರಣದ ಮಾತು ಬರುತ್ತದೆ. ಈ ವಿಷಯದಲ್ಲಿ ಭಯವನ್ನು ಬಿತ್ತುವುದೂ ಸರಿಯಲ್ಲ, ಪ್ರಶ್ನೆಯನ್ನು ಅಣಕಿಸುವುದೂ ಸರಿಯಲ್ಲ. ಆಂಟೆನಾಗಳ ವಿದ್ಯುತ್ಕಾಂತೀಯ ಅಲೆಗಳಿಗೆ ಭಾರತವು 2008ರಲ್ಲಿ ಅಂತರರಾಷ್ಟ್ರೀಯ ಆಯೋಗವೊಂದರ ಮಿತಿಯನ್ನು ಸ್ವೀಕರಿಸಿತು. ಆಮೇಲೆ ಅಂತರ ಸಚಿವಾಲಯ ಸಮಿತಿಯ ಶಿಫಾರಸಿನಂತೆ 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. 900 ಮೆಗಾಹರ್ಟ್ಸ್ ತರಂಗಕ್ಕೆ ಚದರ ಮೀಟರಿಗೆ 4.5 ವ್ಯಾಟ್ ಇದ್ದ ಮಿತಿ 0.45 ವ್ಯಾಟ್ ಆಯಿತು. 1800 ಮೆಗಾಹರ್ಟ್ಸ್‌ಗೆ 9 ವ್ಯಾಟ್ ಇದ್ದದ್ದು 0.9 ಆಯಿತು. ಆ ಅವಧಿಯ ಮಾರ್ಗಸೂಚಿಯು ಆಂಟೆನಾದ ಎದುರಿಗೆ, ಅದೇ ಎತ್ತರದಲ್ಲಿ ಕಟ್ಟಡವಿದ್ದರೆ ಒಂದು ಆಂಟೆನಾಕ್ಕೆ 20 ಮೀಟರ್, ಎರಡಕ್ಕೆ 35 ಮೀಟರ್, ಆರಕ್ಕೆ 55 ಮೀಟರ್ ಅಂತರವನ್ನು ಸೂಚಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರ ಮೇ ತಿಂಗಳಲ್ಲಿ ಈ ಅಲೆಗಳನ್ನು ಕ್ಯಾನ್ಸರಿಗೆ ಕಾರಣವಾಗಿರಬಹುದಾದವುಗಳ ಗುಂಪಿಗೆ ಸೇರಿಸಿತು. ಸಾಕ್ಷ್ಯ ಸೀಮಿತವಾಗಿದೆ, ಸಂದೇಹವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ ಎಂಬುದಷ್ಟೇ ಅದರ ಅರ್ಥ.

ವಿದ್ಯಾರ್ಥಿಗಳು ಎರಡು ಭೌತಿಕ ಸಂಗತಿಗಳನ್ನು ನೆನಪಿಡಬೇಕು. ದೂರ ಎರಡರಷ್ಟಾದರೆ ಅಲೆಯ ತೀವ್ರತೆ ಸ್ಥೂಲವಾಗಿ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಅಲ್ಲದೆ ಟವರ್ ದೂರವಾಗಿ ಸಿಗ್ನಲ್ ಕ್ಷೀಣವಾದಷ್ಟೂ ಕಿವಿಗೆ ಹಿಡಿದ ಫೋನ್ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆದ್ದರಿಂದ ಟವರ್ ಬೇಡವೇ ಬೇಡ ಎನ್ನುವುದು ಸುರಕ್ಷತೆಯ ದಾರಿಯಾಗಲಾರದು. ಸಂದೇಹವಿದ್ದವರು ಅಳತೆಯನ್ನು ಕೇಳಬೇಕು. ದೂರಸಂಪರ್ಕ ಇಲಾಖೆ 2017ರಲ್ಲಿ ತರಂಗ್ ಸಂಚಾರ್ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಟವರ್ ಮಿತಿಯನ್ನು ಪಾಲಿಸುತ್ತಿದೆಯೇ ಎಂದು ನೋಡಲು, ಶುಲ್ಕ ಕಟ್ಟಿ ಅಳತೆ ಮಾಡಿಸಿಕೊಳ್ಳಲು ನಾಗರಿಕರಿಗೆ ಅದು ರೂಪಿಸಿದ ಮಾರ್ಗ.

ಜೇನು ಮತ್ತು ಹಕ್ಕಿಗಳ ಪ್ರಶ್ನೆಯೂ ಇದೇ ಬಗೆಯದು. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಇದಕ್ಕಾಗಿ ತಜ್ಞರ ಸಮಿತಿ ನೇಮಿಸಿತು. 2012ರ ಆಗಸ್ಟ್‌ನಲ್ಲಿ ಹೊರಡಿಸಿದ ಸಲಹೆಯಲ್ಲಿ ಈಗಿರುವ ಟವರ್‌ಗಳ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಟವರ್‌ಗೆ ಅವಕಾಶ ಕೊಡದಿರುವುದು ಮತ್ತು ಹಕ್ಕಿಗಳು ಹಾರುವ ದಾರಿಗೆ ಅಡ್ಡಬಾರದಂತೆ ಜಾಗ ಆರಿಸುವುದು ಲೇಸೆಂದು ಸಚಿವಾಲಯ ಹೇಳಿತು. ಜೇನು ಕಡಿಮೆಯಾಗಲು ಕೀಟನಾಶಕ, ಹೂಬಿಡುವ ಗಿಡಮರಗಳ ನಾಶ, ರೋಗ ಇವು ಸ್ಪಷ್ಟವಾಗಿ ತಿಳಿದಿರುವ ಕಾರಣಗಳು. ಅಲೆಗಳ ಪಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗದ ವಿಷಯದಲ್ಲಿ ಎಚ್ಚರಿಕೆಯ ಅಂತರ ಇಟ್ಟುಕೊಳ್ಳುವುದು ವಿವೇಕ. ಗುಂಡುತೋಪಿನ ನಡುವೆ ಅಥವಾ ಹೆಜ್ಜೇನು ಕಟ್ಟುವ ಮರದ ಪಕ್ಕದಲ್ಲಿ ಟವರ್ ನಿಲ್ಲಿಸುವ ಬದಲು ಇನ್ನೂರು ಮೀಟರ್ ಆಚೆ ನಿಲ್ಲಿಸಿದರೆ ಯಾರಿಗೂ ನಷ್ಟವಿಲ್ಲ.

ಅಲೆಗಳ ಚರ್ಚೆಯ ಗದ್ದಲದಲ್ಲಿ ಮರೆತುಹೋಗುವ ಸಂಗತಿ ಡೀಸೆಲ್. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2011ರಲ್ಲಿ ಮಾಡಿದ ಅಂದಾಜಿನಂತೆ ದೇಶದ ಟವರ್‌ಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್ ಉರಿಸುತ್ತಿದ್ದವು. ವಿದ್ಯುತ್ ಕೈಕೊಡುವ ಗ್ರಾಮಾಂತರದಲ್ಲಿ ಜನರೇಟರ್ ಹೆಚ್ಚು ಹೊತ್ತು ಓಡುತ್ತದೆ. 2012ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಗ್ರಾಮೀಣ ಟವರ್‌ಗಳಲ್ಲಿ ಶೇಕಡಾ 50ರಷ್ಟನ್ನು 2015ರೊಳಗೆ, ಶೇಕಡಾ 75ರಷ್ಟನ್ನು 2020ರೊಳಗೆ ಸೌರಶಕ್ತಿಯಂಥ ಮೂಲಗಳನ್ನೂ ಬಳಸುವ ಮಿಶ್ರ ವ್ಯವಸ್ಥೆಗೆ ತರಬೇಕೆಂದು ಗುರಿ ಹಾಕಿತ್ತು. ಜನರೇಟರ್‌ನ ಶಬ್ದಕ್ಕೂ ಮಿತಿಯಿದೆ: ಅದರ ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಎಂಬ ಮಾನದಂಡವನ್ನು ಪರಿಸರ ಸಂರಕ್ಷಣಾ ನಿಯಮಗಳು ಗೊತ್ತುಮಾಡಿದ್ದವು. ರಾತ್ರಿಯಿಡೀ ಓಡುವ ಯಂತ್ರ, ಅದರ ಹೊಗೆ, ತೆರೆದ ಬಾವಿಯ ಪಕ್ಕದಲ್ಲಿ ಸೋರುವ ಎಣ್ಣೆ ಇವೆಲ್ಲ ಮೂಗಿಗೆ, ಕಿವಿಗೆ, ಕಣ್ಣಿಗೆ ತಿಳಿಯುವ ತೊಂದರೆಗಳು. ಟವರ್‌ಗೆ ಜಾಗ ಕೊಡುವಾಗ ಸೌರಫಲಕ ಮತ್ತು ಬ್ಯಾಟರಿಯನ್ನು ಕೇಳುವುದು, ಎಣ್ಣೆಯ ಟ್ಯಾಂಕಿನ ಕೆಳಗೆ ಕಟ್ಟೆ ಕಟ್ಟಿಸುವುದು ಪಂಚಾಯಿತಿ ಮತ್ತು ಜಮೀನಿನ ಒಡೆಯರು ಮಾಡಬಹುದಾದ ಕೆಲಸ.

ಜಮೀನಿನ ಒಡೆಯರಿಗೆ ಇನ್ನೂ ಎರಡು ಕಿವಿಮಾತುಗಳಿವೆ. ಟವರ್‌ನ ಗುತ್ತಿಗೆ ಹಲವು ವರ್ಷಗಳದ್ದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಬಾಡಿಗೆ ಏರುವ ಪ್ರಮಾಣ, ಗುತ್ತಿಗೆ ಮುಗಿದ ಮೇಲೆ ಕಾಂಕ್ರೀಟಿನ ಬುನಾದಿಯನ್ನು ಕಿತ್ತು ನೆಲವನ್ನು ಉಳುಮೆಗೆ ಮರಳಿಸುವ ಹೊಣೆ, ಸಿಡಿಲು ತಡೆಯ ಭೂಸಂಪರ್ಕ, ಗಾಳಿಯ ಒತ್ತಡಕ್ಕೆ ತಕ್ಕ ವಿನ್ಯಾಸದ ದೃಢೀಕರಣ ಇವೆಲ್ಲ ಪತ್ರದಲ್ಲಿರಬೇಕು. ಗಾಳಿಯ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 875 ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಮೂಲ ವೇಗವನ್ನು ಗೊತ್ತುಮಾಡಿದೆ. ಬೆಟ್ಟದ ತುದಿಯಲ್ಲಿ ಗಾಳಿಯ ರಭಸ ಹೆಚ್ಚುವುದರಿಂದ ಅದಕ್ಕೆ ಹೆಚ್ಚುವರಿ ಲೆಕ್ಕ ಬೇಕೆಂದೂ ಹೇಳಿದೆ. ಎರಡನೆಯದು ವಂಚನೆಯ ವಿಷಯ. ಜಮೀನಿನಲ್ಲಿ ಟವರ್ ನಿಲ್ಲಿಸುತ್ತೇವೆ, ಲಕ್ಷಗಟ್ಟಲೆ ಮುಂಗಡ ಕೊಡುತ್ತೇವೆ, ಮೊದಲು ತೆರಿಗೆಯೋ ನೋಂದಣಿ ಶುಲ್ಕವೋ ಕಟ್ಟಿರಿ ಎಂದು ಕರೆ ಮಾಡುವವರು ಮೋಸಗಾರರು. ದೂರಸಂಪರ್ಕ ಇಲಾಖೆಯಾಗಲಿ ಟ್ರಾಯ್ ಆಗಲಿ ಟವರ್‌ಗೆಂದು ರೈತರಿಂದ ಹಣ ಪಡೆಯುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ. ಬಾಡಿಗೆ ಕೊಡಬೇಕಾದವರು ಹಣ ಕೇಳಿದರೆ ಅದು ವ್ಯಾಪಾರವಲ್ಲವೆಂದು ತಿಳಿಯಬೇಕು.

ಪಂಚಾಯಿತಿಯ ಆದಾಯದ ಪ್ರಶ್ನೆಯೂ ಬದಲಾಗಿದೆ. ಮೊಬೈಲ್ ಟವರ್‌ಗಳ ಮೇಲೆ ರಾಜ್ಯಗಳು ಆಸ್ತಿ ತೆರಿಗೆ ವಿಧಿಸಬಹುದೆಂದು ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಆದರೆ 2023ರ ಕಾಯ್ದೆಯು ಆಸ್ತಿಯ ಮೇಲೆ ಸ್ಥಾಪಿಸಿದ ದೂರಸಂಪರ್ಕ ಜಾಲವನ್ನು ಆಸ್ತಿ ತೆರಿಗೆಯ ಉದ್ದೇಶಕ್ಕೂ ಆ ಆಸ್ತಿಯ ಭಾಗವೆಂದು ಪರಿಗಣಿಸಕೂಡದೆಂದಿದೆ. ಟವರ್ ಬಂದರೆ ಪಂಚಾಯಿತಿಗೆ ತೆರಿಗೆ ಬರುತ್ತದೆ ಎಂಬ ಒಂದೇ ಲೆಕ್ಕದ ಮೇಲೆ ಒಪ್ಪಿಗೆ ಕೊಡುವುದು ಈಗ ಜಾಣತನವಲ್ಲ. ದುಡ್ಡಿಗಿಂತ ಷರತ್ತು ಬಾಳಿಕೆ ಬರುತ್ತದೆ.

ಹಳ್ಳಿಯ ನಕ್ಷೆಯಿಂದ ಹಳ್ಳಿಗಷ್ಟೇ ಲಾಭವೆಂದು ಭಾವಿಸಬಾರದು. ಯಾರೋ ಅಗೆಯುವಾಗ ಇನ್ಯಾರದೋ ಕೇಬಲ್ ತುಂಡಾಗುವ ಪ್ರಕರಣಗಳು ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷವೆಂದೂ ಅದರಿಂದ 3,000 ಕೋಟಿ ರೂಪಾಯಿ ನಷ್ಟವೆಂದೂ ಕೇಂದ್ರ ಸರ್ಕಾರವೇ ಹೇಳಿದೆ. ಅದಕ್ಕಾಗಿಯೇ 2023ರ ಮಾರ್ಚ್‌ನಲ್ಲಿ ‘ಅಗೆಯುವ ಮುನ್ನ ಕರೆಮಾಡಿ’ ಎಂಬರ್ಥದ ಕಾಲ್ ಬಿಫೋರ್ ಯು ಡಿಗ್ ಆ್ಯಪ್ ಬಂದಿತು. ಕೆರೆಯ ಹೂಳೆತ್ತುವವರು, ಕುಡಿಯುವ ನೀರಿನ ಕೊಳವೆ ಹಾಕುವವರು, ಕೃಷಿಹೊಂಡ ತೋಡುವವರು ಇದನ್ನು ಬಳಸಬೇಕು. ಕೇಬಲ್ ತುಂಡಾದ ದಿನ ಪಡಿತರದ ಬೆರಳಚ್ಚು ಯಂತ್ರ ನಿಲ್ಲುತ್ತದೆ, ಪಂಚಾಯಿತಿಯ ಗಣಕಯಂತ್ರ ನಿಲ್ಲುತ್ತದೆ, ಮಕ್ಕಳ ಅರ್ಜಿ ನಿಲ್ಲುತ್ತದೆ.

ಬೆಟ್ಟದ ಹಳ್ಳಿಗಳಿಗೆ ಈ ಮಾತು ಇನ್ನೂ ಹತ್ತಿರದ್ದು. ಬಯಲಿನಲ್ಲಿ ಟವರ್ ಹೆಚ್ಚಾಯಿತೆಂಬ ದೂರು ಕೇಳಿಸಿದರೆ ಮಲೆನಾಡಿನಲ್ಲಿ ಟವರ್ ಇಲ್ಲವೆಂಬ ದೂರು ಕೇಳಿಸುತ್ತದೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಭಾಗದಲ್ಲಿ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡು ನೋಡಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಸಂಪರ್ಕದ ಬೆಲೆ ಏನೆಂಬುದೂ ತಿಳಿದಿದೆ. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಸೇವೆ ತಲುಪಿಸುವ ಯೋಜನೆಗೆ 2022ರ ಜುಲೈನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಹಾಗಾಗಿ ಟವರ್‌ನ ವಿರೋಧವನ್ನೇ ಪರಿಸರ ಪ್ರೇಮವೆಂದು ತಿಳಿಯುವುದು ಬೆಟ್ಟದ ಮಕ್ಕಳಿಗೆ ಮಾಡುವ ಅನ್ಯಾಯವಾದೀತು. ಆದರೆ ಕಡಿದಾದ ಇಳಿಜಾರಿನಲ್ಲಿ ಮೇಲಿನಿಂದ ಕೆಳಗೆ ನೇರವಾಗಿ ತೆಗೆದ ಅಗೆತ ಮುಂಗಾರಿನಲ್ಲಿ ಹಳ್ಳವಾಗುತ್ತದೆ. ಅಡ್ಡಗಟ್ಟೆಗಳಿಲ್ಲದೆ ಮುಚ್ಚಿದ ಅಗೆತ ನೀರನ್ನು ಗುಡ್ಡದ ಒಡಲಿಗೆ ಇಳಿಸುತ್ತದೆ. ಬಯಲಿನಲ್ಲಿ ಏರಿ ಹೇಗೋ ಬೆಟ್ಟದಲ್ಲಿ ಇಳಿಜಾರು ಹಾಗೆ. ಎರಡೂ ನೀರಿನ ಭಾರವನ್ನು ಹೊತ್ತು ನಿಂತ ಮಣ್ಣು.

ಅರಣ್ಯದ ಅಂಚಿನ ಹಳ್ಳಿಗಳಿಗೆ ಕಾನೂನು ಒಂದು ವಿಶೇಷ ಮಾತನ್ನೂ ಕೊಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯು ಸರ್ಕಾರ ನಿರ್ವಹಿಸುವ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳನ್ನು ಶಾಲೆ, ಅಂಗನವಾಡಿಗಳ ಸಾಲಿನಲ್ಲಿಟ್ಟಿದೆ. ಅಂಥ ಪ್ರತಿ ಕಾಮಗಾರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಬಳಸಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಮತ್ತು ಗ್ರಾಮಸಭೆಯ ಶಿಫಾರಸು ಬೇಕು. ಅಂದರೆ ಸಂಪರ್ಕವನ್ನು ಕೇಳುವ ಹಕ್ಕೂ ಅದರ ದಾರಿಯನ್ನು ತಿದ್ದುವ ಹಕ್ಕೂ ಒಂದೇ ಸಭೆಯ ಕೈಯಲ್ಲಿವೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಹೊರಗೆ, ಈಗಿರುವ ರಸ್ತೆಯ ಗಡಿಯೊಳಗೆ, ಮರ ಕಡಿಯದೆ, 2 ಮೀಟರ್ ಆಳ ಮತ್ತು 1 ಮೀಟರ್ ಅಗಲ ಮೀರದ ಅಗೆತದಲ್ಲಿ ಕೇಬಲ್ ಹಾಕುವುದಕ್ಕೆ ಕೇಂದ್ರ ಪರಿಸರ ಸಚಿವಾಲಯ ಸಾಮಾನ್ಯ ಅನುಮೋದನೆಯನ್ನು ನೀಡಿದ್ದೂ ಉಂಟು. ರಸ್ತೆಯಂಚಿನಲ್ಲಿ ಹೋಗುವ ಕೇಬಲ್ ಕಾಡಿನೊಳಗೆ ನುಗ್ಗಬೇಕಾದ ಅಗತ್ಯ ಕಡಿಮೆಯೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಮಾಡಬೇಕಾದುದೇನು? ಒಂದು ಬೇಸಿಗೆಯ ರಜೆ ಸಾಕು. ಕಂದಾಯ ಇಲಾಖೆಯ ಗ್ರಾಮ ನಕ್ಷೆಯ ಪ್ರತಿಯನ್ನು ಇಟ್ಟುಕೊಂಡು ವಿದ್ಯಾರ್ಥಿಗಳು ಊರಿನ ಹಿರಿಯರೊಡನೆ ನಡೆಯಲಿ. ಏರಿ, ತೂಬು, ಕೋಡಿ, ಕಾಲುವೆ, ಒರತೆ, ಕುಡಿಯುವ ನೀರಿನ ಕೊಳವೆ, ಗುಂಡುತೋಪು, ಗೋಮಾಳ, ಜೇನಿನ ಮರ, ಕುಸಿದ ಗುಡ್ಡ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಸರ್ವೆ ನಂಬರಿನೊಂದಿಗೆ ಗುರುತಿಸಲಿ. ಈಗಾಗಲೇ ನೆಲದಲ್ಲಿರುವ ಕೇಬಲ್‌ನ ಗುರುತುಕಲ್ಲುಗಳನ್ನೂ ಸೇರಿಸಲಿ. ಇಲ್ಲಿ ಅಗೆಯಬಾರದು, ಇಲ್ಲಿ ಷರತ್ತಿನೊಂದಿಗೆ ಅಗೆಯಬಹುದು, ಇಲ್ಲಿ ಟವರ್‌ಗೆ ಸ್ವಾಗತ ಎಂದು ಮೂರು ಬಣ್ಣ ಹಚ್ಚಲಿ. ಮುಂದಿನ ಗ್ರಾಮಸಭೆಯಲ್ಲಿ ಆ ನಕ್ಷೆಯನ್ನೂ ಮಣ್ಣು, ಏರಿ, ಇಳಿಜಾರುಗಳ ಷರತ್ತುಗಳನ್ನೂ ನಿರ್ಣಯವಾಗಿ ಅಂಗೀಕರಿಸಿ, ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ಬರೆಸಲಿ. ಆಮೇಲೆ ಅರ್ಜಿ ಬಂದ ದಿನ ಗ್ರಾಮಸಭೆಗಾಗಿ ಕಾಯಬೇಕಿಲ್ಲ. ನಿರ್ಣಯದ ಪ್ರತಿಯನ್ನು ಲಗತ್ತಿಸಿ ಮೊದಲ ವಾರದಲ್ಲೇ ಉತ್ತರಿಸಬಹುದು. ಕಾರಣಸಹಿತವಾದ, ನಕ್ಷೆಸಹಿತವಾದ ಉತ್ತರವನ್ನು ಮೇಲಿನ ಕಚೇರಿಗಳು ಸುಲಭವಾಗಿ ಬದಿಗೊತ್ತಲಾರವು. ಕಂಪನಿಗೂ ಎಲ್ಲಿ ಹೋಗಬಹುದೆಂಬುದು ಮೊದಲೇ ತಿಳಿಯುತ್ತದೆ.

ಕೆಲಸ ನಡೆಯುವಾಗ ಅಗೆತದ ಆಳವನ್ನು ಕೋಲಿನಿಂದ ಅಳೆದು ಫೋಟೋ ತೆಗೆದಿಡಬೇಕು. ಮುಚ್ಚಿದ ಮೇಲೆ ಒಂದು ಮಳೆಗಾಲ ಕಳೆಯುವ ತನಕ ಕೆಲಸ ತೃಪ್ತಿಕರವಾಗಿದೆಯೆಂಬ ಪತ್ರಕ್ಕೆ ಸಹಿ ಹಾಕಬಾರದು. ಮಣ್ಣು ಕುಸಿಯುವುದು, ನೀರು ಸೋರುವುದು ಮೊದಲ ಮುಂಗಾರಿನಲ್ಲಿಯೇ ಬಯಲಾಗುತ್ತದೆ. ಆ ಪರೀಕ್ಷೆಗೆ ಯಾವ ಪ್ರಯೋಗಾಲಯವೂ ಬೇಡ. ಏರಿಯ ಮೇಲೆ ನಡೆದು ನೋಡುವ ಇಬ್ಬರು ಸಾಕು.